ಗೋಡೆಯ ಮೇಲೆ ಉಳಿದ ನೆರಳು

ಸಿನಿಮಾದಲ್ಲಿ ನಾಯಕ ಒಂದು ಮಹಡಿಯಿಂದ ಇನ್ನೊಂದಕ್ಕೆ ಹಾರುವಾಗ ಅವನ ಸೊಂಟಕ್ಕೆ ತಂತಿ ಕಟ್ಟಿರುತ್ತಾರೆ. ನೋಡುವವರ ಕಣ್ಣಿಗೆ ಆ ತಂತಿ ಬೀಳಬಾರದು. ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ; ಒಂದೊಂದರಲ್ಲೂ ತಂತಿಯನ್ನು ಒರೆಸಿ, ಹಿಂದಿನ ಆಕಾಶವನ್ನೋ ಗೋಡೆಯನ್ನೋ ಆ ಜಾಗಕ್ಕೆ ತುಂಬಬೇಕು. ಹದಿನಾಲ್ಕು ವರ್ಷ ಅಕ್ಕ ಮಾಡಿದ್ದು ಇದೇ. ಏನು ಕೆಲಸ ಎಂದು ನೆಂಟರು ಕೇಳಿದರೆ "ಒರೆಸೋದು" ಅನ್ನುತ್ತಿದ್ದಳು. ಪಾಪ, ಯಾವುದೋ ಆಫೀಸಿನ ನೆಲ ಇರಬೇಕು ಅಂದುಕೊಂಡು ಅವರು ಮಾತು ಬದಲಿಸುತ್ತಿದ್ದರು.

ಅವಳು ಕೆಲಸ ಮಾಡುತ್ತಿದ್ದ ಕಂಪನಿ ಕಟ್ಟಿದ್ದು ಅವಳ ತಮ್ಮ ಮತ್ತು ಅವನ ಕಾಲೇಜಿನ ಗೆಳೆಯ ಗಡ್ಡ. ಮೀಸೆಯೇ ಸರಿಯಾಗಿ ಮೂಡದ ವಯಸ್ಸಿನಲ್ಲಿ ಗಡ್ಡ ಬಿಡುತ್ತೇನೆಂದು ಹಟ ಹಿಡಿದದ್ದಕ್ಕೆ ಬಂದ ಹೆಸರು ಅದು. ಫೋಟೋ ಸ್ಟುಡಿಯೋದಲ್ಲಿ ಜನರ ಮುಖದ ಮೊಡವೆ ಅಳಿಸುತ್ತಿದ್ದ ಅಕ್ಕನನ್ನು ಇಬ್ಬರೂ ಕಾಡಿ ಬೇಡಿ ಕರೆತಂದರು. ಟೈರ್ ಅಂಗಡಿಯ ಮೇಲೊಂದು ಕೋಣೆ, ಎರಡು ಕಂಪ್ಯೂಟರು. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಮೇಜು ನಡುಗುತ್ತಿತ್ತು. ಅದು ನಿಲ್ಲುವವರೆಗೆ ಅಕ್ಕ ಮೌಸಿನಿಂದ ಕೈ ತೆಗೆದು ಕಾಯುತ್ತಿದ್ದಳು. ಮೂವರೂ ಒಂದೇ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದರು.

ಒಂದು ಪ್ರವಾಹದ ದೃಶ್ಯ ಅವರ ಕೈ ಹಿಡಿಯಿತು. ನೀರು ಎಷ್ಟು ನಿಜವಾಗಿ ಬಂದಿತ್ತೆಂದರೆ, ಆ ಬೀದಿಯವರೇ "ನಮ್ಮಲ್ಲಿ ಯಾವಾಗ ನೆರೆ ಬಂದಿತ್ತು?" ಎಂದು ವಾದಕ್ಕಿಳಿದರಂತೆ. ಎಂಟೇ ವರ್ಷದಲ್ಲಿ ಎರಡು ಮಹಡಿ, ನಲವತ್ತು ಕುರ್ಚಿ. ನಲವತ್ತು ಜನಕ್ಕೂ ಅವಳು ಅಕ್ಕನೇ.

ಬಾಗಿಲಿಗೆ ಕಾರ್ಡು ಬಂತು, ಪಡಸಾಲೆಗೆ ಕ್ಯಾಮರಾ ಬಂತು. ಹಿಂದೆಯೇ ಪಿಸುಮಾತೂ ಬಂತು. ತಮ್ಮ ಅವಳನ್ನು ಮೆಟ್ಟಿಲ ಬಳಿ ಕರೆದು, "ಗಡ್ಡ ಯಾರ ಜೊತೆ ಓಡಾಡ್ತಾನೆ, ಸ್ವಲ್ಪ ಕಣ್ಣಿಡು" ಅನ್ನುತ್ತಿದ್ದ. ಗಡ್ಡ ಅವಳ ಮೇಜಿಗೆ ಒರಗಿ, "ಏನಕ್ಕಾ, ನಿನ್ನ ತಮ್ಮ ಈಚೆಗೆ ಮುಖ ಕೊಟ್ಟು ಮಾತಾಡಲ್ಲ. ಏನು ನಡೀತಿದೆ?" ಅನ್ನುತ್ತಿದ್ದ. ಅಕ್ಕ ಇಬ್ಬರ ಮೇಲೂ ಕಣ್ಣಿಟ್ಟಳು. ಇದೇ ಕೆಲಸ ಮಾಡುವ ಹೊಸ ಕಂಪನಿಯೊಂದರ ಯಜಮಾನನ ಎದುರು ಗಡ್ಡ ಹೋಟೆಲಿನಲ್ಲಿ ಕೂತಿದ್ದನ್ನು ಎರಡು ಸಲ ಕಂಡಳು. ಯಾಕೆಂದು ಕೇಳಲಿಲ್ಲ. ಅಂದಿನಿಂದ ಅವನು ಕೊಟ್ಟ ಕಾಫಿಯೂ ಅವಳಿಗೆ ರುಚಿಸಲಿಲ್ಲ.

ಒಂದು ಸೋಮವಾರ ನಿರ್ಮಾಪಕರ ಫೋನು ಬಂತು. ಇನ್ನೂ ಬಿಡುಗಡೆಯಾಗದ ಅವರ ಸಿನಿಮಾದ ದೃಶ್ಯವೊಂದನ್ನು ಆ ಹೊಸ ಕಂಪನಿ ತನ್ನದೇ ಕೆಲಸ ಎಂದು ತೋರಿಸುತ್ತಾ ತಿರುಗುತ್ತಿತ್ತು. ಕದ್ದವನನ್ನು ಹೊರಗೆ ಹಾಕದಿದ್ದರೆ ಸಿನಿಮಾವನ್ನೇ ವಾಪಸು ಒಯ್ಯುತ್ತೇನೆಂದರು.

"ಹೋಟೆಲಲ್ಲಿ ಕಂಡದ್ದನ್ನ ಎಲ್ಲರೆದುರು ಹೇಳು, ಅಷ್ಟು ಸಾಕು. ಗಡ್ಡನ ಕಥೆ ಮುಗೀತು" ಎಂದ ತಮ್ಮ. "ಸುಳ್ಳೇನೂ ಹೇಳಬೇಡ."

ಸುಳ್ಳಾಗಿರಲಿಲ್ಲ. ಅದೇ ಅವಳ ಎದೆಯಲ್ಲಿ ಚುಚ್ಚುತ್ತಿತ್ತು. ತನ್ನ ಒಂದು ಮಾತಿಗೆ ಒಬ್ಬ ಮನುಷ್ಯ ಕಳ್ಳನೆನಿಸಿಕೊಂಡು ಬೀದಿಗೆ ಬೀಳುತ್ತಾನೆ.

ಪರದೆಯ ಕೋಣೆಯಲ್ಲಿ ಎಲ್ಲರೂ ನೆರೆದರು. ಆ ಕಂಪನಿ ತೋರಿಸುತ್ತಿದ್ದ ಕದ್ದ ದೃಶ್ಯವನ್ನು ನಿರ್ಮಾಪಕರು ಕಳಿಸಿದ್ದರು; ಅದು ಓಡಿತು. ನಾಯಕ ಹಾರಿದ, ಎಲ್ಲರ ಕಣ್ಣು ಅವನ ಮೇಲೆ. ಅಕ್ಕನ ಕಣ್ಣು ಮಾತ್ರ ಅಭ್ಯಾಸಬಲದಿಂದ ಹಿಂದಿನ ಹಳದಿ ಗೋಡೆಯ ಮೇಲೆ. ಅಲ್ಲಿ ಕೂದಲೆಳೆಯಂಥ ಗೆರೆಯೊಂದು ಜಾರಿ ಹೋಯಿತು.

ತಂತಿಯ ನೆರಳು. ಹೋದ ತಿಂಗಳು ಒಂದು ಸಂಜೆ ತಂತಿ ಒರೆಸಿ ಅದರ ನೆರಳನ್ನು ಮರೆತಿದ್ದಳು. ಮರುದಿನ ಬೆಳಿಗ್ಗೆ ಬಂದವಳೇ ಸರಿಪಡಿಸಿದ್ದಳು. ತಪ್ಪಿದ್ದ ಪ್ರತಿಯನ್ನು ತಾನೇ ಕಂಪ್ಯೂಟರಿನಿಂದ ಅಳಿಸಿಯೂ ಇದ್ದಳು. ಆ ಒಂದು ಸಂಜೆ ಅದರ ನಕಲು ಹೋಗಿದ್ದು ಒಬ್ಬನ ಕೈಗೆ ಮಾತ್ರ. "ಅಮ್ಮನಿಗೆ ತೋರಿಸ್ತೀನಿ ಕೊಡು, ನೀನು ಒರೆಸೋದು ಏನೂಂತ ಅವಳಿಗೂ ಗೊತ್ತಾಗ್ಲಿ" ಎಂದು ತಮ್ಮ ಪೆನ್‌ಡ್ರೈವ್ ಚಾಚಿದ್ದ. ಆಮೇಲೆ ಕೇಳಿದ್ದಕ್ಕೆ, "ತುಂಬಾ ಖುಷಿಪಟ್ಲು" ಎಂದಿದ್ದ.

ಅಕ್ಕ ಹೊರಗೆ ಬಂದು ಅಮ್ಮನಿಗೆ ಫೋನು ಹಚ್ಚಿದಳು.

"ಹೋದ ತಿಂಗಳು ತಮ್ಮ ನನ್ನ ಕೆಲಸ ತೋರಿಸಿದ್ನಾ?"

"ಯಾವ ಕೆಲಸನೇ? ಅವನು ಈ ಕಡೆ ತಲೆ ಹಾಕಿ ಮೂರು ತಿಂಗಳಾಯ್ತು."

ಒಳಗೆ ಬಂದಾಗ ತಮ್ಮ ಹೇಳುತ್ತಿದ್ದ, "ಅಕ್ಕ ಕಣ್ಣಾರೆ ಕಂಡಿದ್ದಾಳೆ. ಹೇಳಕ್ಕ."

"ಕಂಡಿದೀನಿ. ಗಡ್ಡ ಅವರ ಜೊತೆ ಕೂತಿದ್ದು ನಿಜ," ಎಂದಳು. ಗಡ್ಡನ ಮುಖ ಕಪ್ಪಿಟ್ಟಿತು. "ಈಗ ದೃಶ್ಯ ಹಿಂದಕ್ಕೆ ಓಡಿಸು. ಅಲ್ಲೇ ನಿಲ್ಲಿಸು. ಗೋಡೆ ನೋಡು."

"ಗೋಡೇಲೇನಿದೆ?" ಎಂದ ತಮ್ಮ. ಅವನಿಗೆ ನಿಜಕ್ಕೂ ಕಂಡಿರಲಿಲ್ಲ.

"ತಂತಿಯ ನೆರಳು. ಇದು ನಾನು ಅಮ್ಮನಿಗೆ ಅಂತ ನಿನ್ನ ಕೈಗೆ ಕೊಟ್ಟದ್ದು."

ತಿಂಗಳೊಳಗೆ ಕಂಪನಿ ಎರಡು ಹೋಳಾಯಿತು. ತಮ್ಮ ಇಪ್ಪತ್ತು ಜನರನ್ನು ಕಟ್ಟಿಕೊಂಡು ಆ ಹೊಸ ಕಂಪನಿ ಸೇರಿದ. ಅಕ್ಕನನ್ನೂ ಉಳಿದವರನ್ನೂ ಕರೆದುಕೊಂಡು ಗಡ್ಡ ಒಂದೇ ಮಹಡಿಗೆ ಇಳಿದ. ಹೋಟೆಲಿಗೆ ಯಾಕೆ ಹೋಗಿದ್ದನೆಂದು ಅವನು ಹೇಳಲೇ ಇಲ್ಲ. ಅಕ್ಕ ಕೇಳಲೂ ಇಲ್ಲ. ಅವಳ ಕುರ್ಚಿ ಮೊದಲಿನಂತೆ ಕಿಟಕಿಯ ಬಳಿಯೇ ಇತ್ತು. ಆದರೆ ಸಂಜೆ ಹೊರಡುವಾಗ ಬಾಗಿಲಲ್ಲಿ ಗಡ್ಡನೇ ನಿಂತು ಪ್ರತಿಯೊಬ್ಬರ ಚೀಲ ನೋಡತೊಡಗಿದ.

"ಎಲ್ಲರಿಗೂ ಒಂದೇ ನಿಯಮ ಅಕ್ಕ. ಬೇಜಾರು ಮಾಡ್ಕೋಬೇಡ" ಎನ್ನುತ್ತಾ ಕನ್ನಡಕದ ಡಬ್ಬಿಯನ್ನೂ ತೆರೆದ.

"ಊಟದ ಡಬ್ಬೀನೂ ನೋಡಿಬಿಡು" ಎಂದಳು. ನೋಡಿದ.

ಮನೆಗೆ ಬಂದು ಅಮ್ಮನಿಗೆ ಫೋನು ಮಾಡಿದಳು. ಕಾಲು ನೋವು, ಔಷಧಿ ಎಲ್ಲ ವಿಚಾರಿಸಿದ ಮೇಲೆ, "ತಮ್ಮ ಬಂದಿದ್ನಾ?" ಎಂದಳು.



"ಯಾಕೆ?" ಎಂದಳು ಅಮ್ಮ. "ಈ ಸಲ ಯಾರಿಗೆ ಹೇಳೋಕೆ?"