ಹಬ್ಬವಿಲ್ಲದ ಮನೆಗಳ ಫಿಲ್ಟರು

ಸರಕೆಂದು ನೋಡಿದರೆ ಪ್ರತಿಭಾಳಲ್ಲಿ ಗಿರಾಕಿಯ ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ. ಲಿಂಗಸೂಗೂರು ಕಡೆಯ ಹುಡುಗಿ. ಹೊಳಪು ಕಡಿಮೆ, ಗಂಟಲು ದೊಡ್ಡದು, ಇಂಗ್ಲಿಷ್ ಎರಡನೇ ದರ್ಜೆ. ಆದರೆ ಬಾಳಿಕೆ ಬರುವ ಮಾಲು. ಇಂದಿರಾನಗರದ ನೂರಡಿ ರಸ್ತೆಯ ಹಳೆ ಬಂಗಲೆಯೊಂದರ ಮಹಡಿಯಲ್ಲಿ ಕಂಪನಿ ಇಟ್ಟಿದ್ದ ಕೇದಾರ್ ಅವಳನ್ನು ಅಗ್ಗಕ್ಕೆ ಹಿಡಿದಿದ್ದ. ಹಿಡಿದದ್ದು ಏನನ್ನು ಎಂದು ಕೊನೆಯವರೆಗೂ ಅವನಿಗೆ ತಿಳಿಯಲಿಲ್ಲ.

ಎರಡು ಸಾವಿರದ ಏಳನೇ ಇಸವಿ. ಹಲಸೂರಿನ ನಮ್ಮಂಥವರ ಅಂಗಡಿಗಳ ಪರವಾಗಿ ಗಿರಾಕಿಗಳ ಮೊಬೈಲಿಗೆ ತಾನೇ ತಾನಾಗಿ ಮೆಸೇಜು ಕಳಿಸುವ ಸಾಫ್ಟ್‌ವೇರು ಆ ಕಂಪನಿಯದು. ಯಾರಿಗೆ ಹೋಗಬೇಕೆಂದು ಸೋಸುವುದು ಫಿಲ್ಟರು. ಮೊದಲು ಶುಭಾಶಯ, ಎರಡು ದಿನ ಬಿಟ್ಟು ರಿಯಾಯಿತಿ, ಆಮೇಲೆ ಜ್ಞಾಪನೆ, ಇವು ಒಂದರ ಹಿಂದೊಂದು ಹೋಗುವ ಹಂತಗಳು. ಒಂದು ಅಂಗಡಿಗೆ ಮಾಡಿದ್ದನ್ನೇ ಹತ್ತು ಅಂಗಡಿಗೆ ಎತ್ತಿ ಹಾಕಬಹುದಿತ್ತು, ಲಾಭವೆಲ್ಲ ಅದರಲ್ಲೇ.

ಪ್ರತಿಭಾ ತಾನೇ ಕೂತು ಮಾಡಿದ ಒಂದು ಫಿಲ್ಟರಿಗೆ "ಹಬ್ಬವಿಲ್ಲದ ಮನೆ" ಎಂದು ಹೆಸರಿಟ್ಟಿದ್ದಳು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ಅಲ್ಲಿಗೆ ಶುಭಾಶಯ ಹೋದರೆ ಅಂಗಡಿಯ ಮಾನ ಹೋಗುತ್ತದೆ. ಗಿರಾಕಿಗಳಿಗೆ ಫೋನು ಮಾಡಿ, ನಯವಾಗಿ ಕೇಳಿ, ಅಂಥ ಮನೆಗಳನ್ನು ಗುರುತು ಹಾಕಿದಳು. ಹಲಸೂರಿನ ಸುಭದ್ರಮ್ಮ ಗಂಡ ಹೋದದ್ದನ್ನು ಹೇಳಿ ಅತ್ತಾಗ, "ವರ್ಷ ತುಂಬೋ ತನಕ ಅಂಗಡಿಯಿಂದ ಏನೂ ಬರಂಗಿಲ್ರಿ ಅಮ್ಮಾ, ನಾ ಮಾತು ಕೊಡ್ತೀನಿ" ಎಂದಳು. ಎಲ್ಲ ಅಂಗಡಿಗಳ ಹಬ್ಬದ ಮೆಸೇಜಿಗೂ ಆಮೇಲೆ ಅದೇ ಫಿಲ್ಟರು ಬಾಗಿಲು ಕಾಯಿತು.

ಹಲಸೂರಿನ ಪಾತ್ರೆ ಅಂಗಡಿಯ ಮುನೀಂದ್ರ ಇದನ್ನು ಕೇಳಿ ಕಣ್ಣರಳಿಸಿದ. "ಸತ್ತೋರ ಮನೆ ಎಲ್ಲೆಲ್ಲಿದೆ ಅಂತ ನಿನ್ನತ್ರ ಇದೆ ಅನ್ನು. ವರ್ಷದ ಕಾರ್ಯಕ್ಕೆ ದಾನ ಕೊಡೋಕೆ ಚೊಂಬು, ತಟ್ಟೆ ಬೇಕೇ ಬೇಕಲ್ಲ ಕೇದಾರ?"

"ನೀನು ಎಂಬಿಎ ಮಾಡ್ಬೇಕಿತ್ತು ಗುರು!" ಎಂದ ಕೇದಾರ್. ಬಿಡಲೆಂದು ಮಾಡಿದ ಫಿಲ್ಟರನ್ನು ಮುನೀಂದ್ರನ ಚೊಂಬಿನ ಮೆಸೇಜಿಗೆ ಹಿಡಿಯಲೆಂದು ತಿರುಗಿಸಿ ಹಾಕಿದ. ಅರ್ಧ ಟೀ ಆರುವಷ್ಟರಲ್ಲಿ ಕೆಲಸ ಮುಗಿಯಿತು.

ಸುಭದ್ರಮ್ಮನ ಫೋನು ಪ್ರತಿಭಾಳಿಗೇ ಬಂತು. "ವರ್ಷದ ಕಾರ್ಯಕ್ಕೆ ಚೊಂಬು ರಿಯಾಯಿತೀಲಿ ಕೊಡ್ತಾರಂತೆ ಕಣಮ್ಮಾ. ನಮ್ಮೆಜಮಾನ್ರು ಹೋಗಿದ್ದನ್ನ ನಾನು ನಿಂಗಲ್ವಾ ಹೇಳಿದ್ದು?"

ಪ್ರತಿಭಾ ಕೇದಾರನ ಮೇಜಿನ ಮುಂದೆ ಹೋಗಿ ನಿಂತಳು. "ಸರ್, ಅದು ಕಳಿಸಬಾರದವರ ಫಿಲ್ಟರ್ ರೀ."

"ಕಾಫಿ ಫಿಲ್ಟರ್ ನೋಡಿಲ್ವಾ ನೀನು? ಡಿಕಾಕ್ಷನ್ನೂ ನಮ್ದೇ, ಮೇಲೆ ಉಳಿದ ಪುಡೀನೂ ನಮ್ದೇ. ಹಬ್ಬ ಮುಗೀಲಿ, ಬೇರೆ ಅಂಗಡಿಗಳಿಗೂ ಇದನ್ನೇ ಹಾಕು."

ಅಂದು ದೀಪಾವಳಿಯ ಹಿಂದಿನ ದಿನ. ಅವಳು ತನ್ನ ಕುರ್ಚಿಗೆ ಬಂದು ಫಿಲ್ಟರನ್ನೇ ಅಳಿಸಲು ಹೋದಳು. ಬೇರೆ ಕಡೆಯೂ ಬಳಕೆಯಲ್ಲಿದೆ, ಅಳಿಸಲೇ ಎಂದು ಕಂಪ್ಯೂಟರು ಕೇಳಿತು. ಅಳಿಸು ಎಂದಳು. ಫಿಲ್ಟರು ಹೋದರೆ ಅದನ್ನು ಹಾಕಿದ ಮೆಸೇಜುಗಳೆಲ್ಲ ನಿಲ್ಲುತ್ತವೆ ಎಂಬುದು ಅವಳ ನಂಬಿಕೆ. ಅಷ್ಟು ಚೆನ್ನಾಗಿ ಕೆಲಸ ಬಲ್ಲವಳು ಎಡವಿದ್ದು ಅಲ್ಲೇ. ಜರಡಿಯ ತಳ ಹರಿದರೆ ಹಿಟ್ಟು ನಿಲ್ಲುತ್ತದೆಯೇ?

ಬೆಳಗಾಗುವಷ್ಟರಲ್ಲಿ ಎಲ್ಲವೂ ಎಲ್ಲರಿಗೂ ಹೋಗಿತ್ತು. ಸಾವಿನ ಮನೆಗಳಿಗೆ ದೀಪಾವಳಿಯ ಶುಭಾಶಯ. ಹೊಸ ಅಳಿಯ ಬಂದು ಎಣ್ಣೆ ಹಚ್ಚಿಕೊಂಡು ಕೂತ ಮನೆಗಳಿಗೆ ತಿಥಿಯ ಚೊಂಬು.

"ಬದುಕಿರೋ ನಮ್ಮಪ್ಪಂಗೆ ತಿಥಿ ಮಾಡಿಸ್ತೀಯೇನಯ್ಯಾ?" ಎಂದು ಒಬ್ಬ ಗಿರಾಕಿ ಮುನೀಂದ್ರನ ಅಂಗಡಿಗೇ ಬಂದು ಉಗಿದ.

"ನನಗೇನ್ ಗೊತ್ತು ಸ್ವಾಮಿ? ಎಲ್ಲಾ ಇಂದಿರಾನಗರದ ಆ ಹುಡುಗಿ ಮಾಡಿದ್ದು," ಎಂದ ಮುನೀಂದ್ರ. ಸುಭದ್ರಮ್ಮ ಕೇಳಿದಾಗಲೂ ಅದೇ ಉತ್ತರ. ಒಮ್ಮೆ ಹೊಂದಿಸಿಟ್ಟ ಮಾತನ್ನು ಬಂದವರಿಗೆಲ್ಲ ಎತ್ತಿ ಕೊಡುವುದಕ್ಕೆ ಅವನಿಗೆ ಸಾಫ್ಟ್‌ವೇರು ಬೇಕಾಗಿರಲಿಲ್ಲ.

ಹಬ್ಬ ಕಳೆದ ಮೊದಲ ದಿನವೇ ಕೇದಾರ್ ಪ್ರತಿಭಾಳನ್ನು ಕೆಲಸದಿಂದ ಕಳಿಸಿದ. ಬಂಗಲೆಯ ಗೇಟಿನ ಬಳಿ ನಿಂತು ಅವಳು ಸುಭದ್ರಮ್ಮನಿಗೆ ಫೋನು ಮಾಡಿದಳು. "ಅಮ್ಮಾ, ನಾನ್ರಿ..." ಎನ್ನುವಷ್ಟರಲ್ಲಿ ಆ ಕಡೆಯಿಂದ ಕಟ್ಟಾಯಿತು. ಇಂದಿರಾನಗರದಲ್ಲಿ ಅವಳನ್ನು ಮತ್ತೆ ಯಾರೂ ಕಾಣಲಿಲ್ಲ. ಮುನೀಂದ್ರನ ಅಂಗಡಿಯಲ್ಲಿ ಚೊಂಬು ಚೆನ್ನಾಗಿಯೇ ಖರ್ಚಾದವು.

ಸುಭದ್ರಮ್ಮನ ಲೆಕ್ಕದಲ್ಲಿ ಮಾತು ತಪ್ಪಿದವಳು ಇವತ್ತಿಗೂ ಪ್ರತಿಭಾಳೇ. ಕೊಟ್ಟ ಮಾತು ಉಳಿಸಲು ಹೋಗಿಯೇ ಆ ಹುಡುಗಿ ಕೆಲಸ ಕಳೆದುಕೊಂಡಳು ಎಂದು ಆ ಮನೆಗೆ ಹೋಗಿ ಹೇಳಬೇಕಾದವರು ಹಲಸೂರಿನ ವ್ಯಾಪಾರಿಗಳಾದ ನಾವು. ಆ ಋಣ ನಮ್ಮ ಮೇಲೆ ಹಾಗೇ ಇದೆ.