ಕೇಕಿನ ಪರವಾನಗಿಗೆ ಕೊಟ್ಟ ನೀರು

ಯಾವ ಕಚೇರಿ ಎಂದು ಹೇಳುವುದಿಲ್ಲ. ಹೆಸರು ಹೇಳಿದರೆ ನನ್ನ ಬಾಯಿಯೇ ಹೊಲಸಾದೀತು. ಉಡುಪಿಯಲ್ಲಿದೆ, ಮೊದಲ ಮಹಡಿಯಲ್ಲಿದೆ, ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಎಲೆಯಡಿಕೆ ಉಗಿದ ಕಲೆ ಇದೆ, ಅಷ್ಟು ಸಾಕು. ಆ ಬೇಸಗೆಯಲ್ಲಿ ನಾನು ಆ ಮೆಟ್ಟಿಲು ಎಷ್ಟು ಸಲ ಹತ್ತಿಳಿದೆನೋ ನೆನಪಿಲ್ಲ. ಪ್ರತಿ ಸಲವೂ ದುಪಟ್ಟಾ ಗೋಡೆಗೆ ತಾಗದ ಹಾಗೆ ಮುದ್ದೆ ಮಾಡಿ ಎದೆಗೆ ಒತ್ತಿ ಹಿಡಿದುಕೊಂಡೇ ಹತ್ತುತ್ತಿದ್ದೆ.

ನನಗೆ ಬೇಕಾಗಿದ್ದದ್ದು ಒಂದೇ ಒಂದು ಕಾಗದ. ಪರ್ಕಳದ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಕೇಕು ಮಾಡಿ ಮಾರುವವಳು ನಾನು. ಹುಟ್ಟುಹಬ್ಬ, ನಿಶ್ಚಿತಾರ್ಥ, ಮಕ್ಕಳ ಶಾಲೆಯ ಪಾರ್ಟಿ ಎಂದು ಒಬ್ಬರಿಂದೊಬ್ಬರಿಗೆ ಸುದ್ದಿ ಹೋಗಿ ಎರಡು ವರ್ಷ ಪರವಾನಗಿ ಇಲ್ಲದೆಯೇ ನಡೆಯಿತು. ಆಮೇಲೆ ಮಣಿಪಾಲದ ಒಂದು ಕಾಫಿ ಅಂಗಡಿಯವರು ನನ್ನ ಕ್ಯಾರೆಟ್ ಕೇಕು ತಿಂದು ನೋಡಿ, "ಕಾಲೇಜು ಶುರುವಾಗುವಾಗ ನಮಗೆ ದಿನಾ ಬೇಕು. ಆದ್ರೆ ಬಾಕ್ಸಿನ ಮೇಲೆ ಲೈಸೆನ್ಸ್ ನಂಬರ್ ಇಲ್ಲದಿದ್ರೆ ನಾವು ಒಳಗೆ ಇಡುವ ಹಾಗಿಲ್ಲ" ಎಂದರು. ಕಾಲೇಜು ಶುರುವಾಗಲು ಆಗ ಮೂರು ತಿಂಗಳಿತ್ತು.

ಅದೊಂದೇ ಕಾರಣವಾಗಿದ್ದರೆ ನಾನು ಅಷ್ಟು ಹಠ ಹಿಡಿಯುತ್ತಿರಲಿಲ್ಲ. ಅದೇ ವಾರ ಒಂದು ಅಪಾರ್ಟ್‌ಮೆಂಟಿನ ಹೆಂಗಸು ವೆನಿಲಾ ಕೇಕು ಹೇಳಿದ್ದಳು. ಕೊಡಲು ಹೋದಾಗ ನಗುನಗುತ್ತಲೇ ಊರು ಯಾವುದೆಂದು ಕೇಳಿದಳು. ಕಾಪು ಎಂದೆ. ಕಾಪುವಿನಲ್ಲಿ ಎಲ್ಲಿ ಎಂದಳು. ಕಡಲ ಬದಿ ಎಂದೆ. ನನ್ನ ಅಪ್ಪ ದೋಣಿಗೆ ಹೋಗುತ್ತಿದ್ದವರು, ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಅರ್ಧ ಗಂಟೆಯಲ್ಲಿ ಕೇಕು ವಾಪಸ್ ಬಂತು, ಹಿಂದೆಯೇ ಫೋನೂ ಬಂತು. "ಎಂತದೋ ಒಂದು ವಾಸನೆ ಉಂಟು ಮಾರಾಯ್ತಿ. ಬೇಜಾರು ಮಾಡ್ಬೇಡಿ, ನಮ್ಮಲ್ಲಿ ಹಿರಿಯರಿದ್ದಾರೆ."

ಡಬ್ಬ ಬಿಚ್ಚಿ ಮೂಸಿ ನೋಡಿದೆ. ಬೆಣ್ಣೆ ಮತ್ತು ವೆನಿಲಾ, ಬೇರೇನೂ ಇಲ್ಲ. ವಾಸನೆ ಇದ್ದದ್ದು ಅವಳ ಮೂಗಿನೊಳಗೆ. ಮೈಯೆಲ್ಲ ಉರಿದುಹೋಯಿತು. ನನ್ನ ಅಡುಗೆಕೋಣೆ ಶುದ್ಧ ಎಂದು ಸರಕಾರವೇ ಬರೆದುಕೊಡಬೇಕು, ಆ ನಂಬರನ್ನು ಪ್ರತಿ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಸಬೇಕು, ಇಂಥವರ ಬಾಯಿ ಮುಚ್ಚಿಸಬೇಕು ಎಂದುಕೊಂಡೆ.

ಹಾಗೆ ಆ ಮೆಟ್ಟಿಲು ಹತ್ತಿದ್ದು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ಬೆಂಕಿಕಡ್ಡಿಯಿಂದ ಕಿವಿ ಕೆರೆಯುತ್ತಾ ನನ್ನ ಕಾಗದಗಳನ್ನು ತಿರುವಿ ಹಾಕಿದ. ಮೊದಲ ಸಲ ಹೋದಾಗ ಆಧಾರ್ ಮತ್ತು ಫೋಟೋ ಸಾಕು ಎಂದವನು ಎರಡನೇ ಸಲ ಬಾಡಿಗೆ ಕರಾರು ಕೇಳಿದ. ಮೂರನೇ ಸಲ, "ಎಂತ, ಬರಿಗೈಯಲ್ಲಿ ಬಂದದ್ದಾ? ಕೇಕು ತಿಂದು ನೋಡದೆ ನಾವು ಹೇಗೆ ಹೇಳುದು?" ಎಂದ. ಛೀ, ನಾಲ್ಕನೇ ಸಲ ನಾನು ಕೊಂಡುಹೋದೆ. ನೆನಪಾದಾಗ ಅವನಿಗಿಂತ ನನ್ನ ಮೇಲೆಯೇ ಹೆಚ್ಚು ಹೇಸಿಗೆಯಾಗುತ್ತದೆ. ಅವನು ಗೆರೆ ಎಳೆಯುವ ಪ್ಲಾಸ್ಟಿಕ್ ಸ್ಕೇಲಿನಿಂದ ಕೇಕು ತುಂಡು ಮಾಡಿದ, ಸ್ಕೇಲನ್ನು ನೆಕ್ಕಿದ, ಬೆರಳು ನೆಕ್ಕಿದ, ಉಳಿದ ಕ್ರೀಮನ್ನು ನನ್ನ ಅರ್ಜಿಯ ಬೆನ್ನಿಗೇ ಒರೆಸಿದ.

"ಮೊಟ್ಟೆ ಇಲ್ಲ ಅಲ್ವಾ?" ಎಂದು ಆಮೇಲೆ ಕೇಳಿದ.

"ಉಂಟು," ಎಂದೆ.

"ಹೋ. ಆಯ್ತು ಬಿಡಿ, ತಿಂದಾಯ್ತಲ್ಲ."

ಮುಂದಿನ ವಾರ ಹೋದಾಗ ಅದೇ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಕಡೆ ಚಾಚಿದ. ಎಣ್ಣೆ ಕಲೆಯಾಗಿದೆಯಂತೆ, ಗಲೀಜು ಅರ್ಜಿಯನ್ನು ತೆಗೆದುಕೊಳ್ಳುವ ಕ್ರಮ ಇಲ್ಲವಂತೆ, ಹೊಸತು ಬರೆದು ತರಬೇಕಂತೆ. ಜೊತೆಗೆ ಮನೆ ಯಜಮಾನರ ಒಪ್ಪಿಗೆ ಪತ್ರವೂ ಬೇಕಂತೆ.

ಯಜಮಾನರು ಇರುವುದು ಕಾರ್ಕಳದಲ್ಲಿ. ಹಿರಿಯಡ್ಕದ ದಾರಿಯಾಗಿ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಅವರು ಜಗಲಿಯಲ್ಲೇ ಕೂರಿಸಿ ಪತ್ರವನ್ನು ಎರಡೆರಡು ಸಲ ಓದಿ, "ನನ್ನದೇನೂ ತಕರಾರಿಲ್ಲ. ಆದ್ರೆ ನೀವು ಆ ಮನೆಯಲ್ಲಿ ಮೀನು ಮಾಡುವುದಿಲ್ಲ ಅಂತ ಒಂದು ಬರೆದುಕೊಡಿ, ಆಮೇಲೆ ಸಹಿ ಹಾಕ್ತೇನೆ" ಎಂದರು. ಏಳು ವರ್ಷದಿಂದ ಬಾಡಿಗೆ ತೆಗೆದುಕೊಳ್ಳುವಾಗ ಕೇಳದ ಪ್ರಶ್ನೆ ಇದು. ಬರೆದುಕೊಟ್ಟೆ. ಆ ಸಂಜೆ ಮನೆಗೆ ಬಂದು ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದೆ. ಊಟ ಮಾತ್ರ ಸೇರಲಿಲ್ಲ. ಒಂದು ಸುಳ್ಳಿಗೆ ಸಹಿ ಹಾಕಿ ಬಂದಿದ್ದೆನಲ್ಲ.

ಪತ್ರ ಕೊಟ್ಟರೆ ಗುಮಾಸ್ತ ನೀರಿನ ರಿಪೋರ್ಟ್ ಎಲ್ಲಿ ಎಂದ. ಅಡುಗೆಗೆ ಬಳಸುವ ನೀರು ಕುಡಿಯಲು ಯೋಗ್ಯ ಎಂದು ಪರೀಕ್ಷೆ ಮಾಡಿಸಿ ತರಬೇಕು. ಕಚೇರಿಯ ಕೆಳಗೆ ಒಂದು ಜೆರಾಕ್ಸ್ ಅಂಗಡಿ ಇದೆ. ಮೇಲೆ ಹೋಗುವ ಅರ್ಜಿಗಳನ್ನೆಲ್ಲ ತುಂಬಿಸಿ ಕೊಡುವವನು ಅದರ ಮಾಲೀಕ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಪೂಜಾರಿಯನ್ನು ಒಪ್ಪಿಸುವ ದಾರಿಯೆಲ್ಲ ಇವನಿಗೆ ಗೊತ್ತು.

"ನೀರಿಗೆ ಎಂತ ತಲೆಬಿಸಿ ಅಕ್ಕ," ಎಂದ ಅವನು. "ಒಳ್ಳೆ ಬಾವಿಯದ್ದು ಒಂದು ಬಾಟ್ಲಿ ಕೊಡಿ. ಯಾರ ಬಾವಿ ಅಂತ ನೀರಿನ ಮೇಲೆ ಬರೆದಿರ್ತದಾ? ಎಲ್ಲರೂ ಹಾಗೇ ಮಾಡುದು."

ಒಳ್ಳೆಯ ಬಾವಿ ಎಂದರೆ ನನಗೆ ಒಂದೇ ಗೊತ್ತು. ಪರ್ಕಳದ ನಮ್ಮ ಮನೆಯಲ್ಲಿರುವುದು ಬೋರ್‌ವೆಲ್ ನೀರು. ಅದರಲ್ಲಿ ಚಾ ಮಾಡಿದರೆ ಕಪ್ಪಾಗುತ್ತದೆ, ಬಿಳಿ ಅಂಗಿ ಒಗೆದರೆ ಹಳದಿಯಾಗುತ್ತದೆ. ಆದ್ದರಿಂದ ನಾನು ಪ್ರತಿ ಭಾನುವಾರ ಸ್ಕೂಟರಿನ ಮುಂದೆ ಎರಡು ಕ್ಯಾನು ಇಟ್ಟುಕೊಂಡು ಕಾಪುವಿಗೆ ಹೋಗಿ ತಾಯಿಮನೆಯ ಬಾವಿಯಿಂದ ಕುಡಿಯುವ ನೀರು ತರುತ್ತಿದ್ದೆ. ಕಡಲು ಕೂಗಳತೆಯಲ್ಲಿದ್ದರೂ ಆ ನೀರಿಗೆ ಉಪ್ಪಿನ ಸುಳಿವೇ ಇಲ್ಲ. ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಪಾನಕಕ್ಕೆ ನಮ್ಮ ಬಾವಿಯದೇ ನೀರು. ಕೇಕಿಗೂ ಅದೇ. ಕೇಕಿನ ಪದರಗಳು ಒಣಗಬಾರದೆಂದು ಸಕ್ಕರೆ ನೀರು ಹಚ್ಚುತ್ತೇವೆ. ಸಕ್ಕರೆ ಕರಗಿದರೆ ಸಾಕು, ಕುದಿಸುವ ಪದ್ಧತಿ ನನ್ನಲ್ಲಿ ಇರಲಿಲ್ಲ. ಹಾಗಿರುವಾಗ ಆ ನೀರನ್ನೇ ಪರೀಕ್ಷೆಗೆ ಕೊಟ್ಟರೆ ಅದು ಸುಳ್ಳಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ.

ಪರೀಕ್ಷೆಯವರು ಕೊಟ್ಟ ಬಾಟಲಿ ಹಿಡಿದುಕೊಂಡು ಕಾಪುವಿಗೆ ಹೋದೆ. ಅಮ್ಮ ನನ್ನನ್ನು ಹಗ್ಗ ಮುಟ್ಟಲು ಬಿಡಲಿಲ್ಲ. ಕೈಕಾಲು ತೊಳೆದು, ಸೀರೆ ಎತ್ತಿ ಕಟ್ಟಿ, ಕೊಡಪಾನವನ್ನು ಹುಣಸೆಹುಳಿ ಹಾಕಿ ತಿಕ್ಕಿ ತಾನೇ ಸೇದಿದಳು. ಬಾಟಲಿ ತುಂಬಿಸಿ ಬಿಸಿಲಿಗೆ ಹಿಡಿದು ನೋಡಿ, "ನಮ್ಮ ನೀರಿಗೂ ಸರ್ಟಿಫಿಕೇಟಾ?" ಎಂದು ನಕ್ಕಳು. "ಬರೆಯಲಿ, ಬರೆಯಲಿ. ನಿನ್ನ ಅಜ್ಜಿ ಇದ್ದಿದ್ರೆ ಕೇಳಿ ಖುಷಿ ಪಡ್ತಿದ್ರು."

ವಾರ ಬಿಟ್ಟು ರಿಪೋರ್ಟ್ ಬಂತು. ಜೆರಾಕ್ಸ್ ಅಂಗಡಿಯವನು ಓದಿ, ನನ್ನ ಮುಖ ನೋಡಿ, ಇನ್ನೊಮ್ಮೆ ಓದಿದ. "ಕುಡಿಯಲು ಯೋಗ್ಯವಲ್ಲ ಅಂತ ಉಂಟಲ್ಲ ಅಕ್ಕ. ಮಲದಿಂದ ಬರುವ ಕ್ರಿಮಿ ಉಂಟಂತೆ. ಬಾವಿ ಹತ್ತಿರ ಟಾಯ್ಲೆಟ್ ಗುಂಡಿ ಉಂಟಾ?"

ಇತ್ತು. ಮೂರು ವರ್ಷದ ಹಿಂದೆ ನನ್ನ ತಮ್ಮ ತಾಯಿಮನೆಯನ್ನು ದೊಡ್ಡದು ಮಾಡಿ ಹೊಸ ಪಾಯಖಾನೆ ಕಟ್ಟಿಸಿದ್ದ. ನಮ್ಮ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡೇ ಇದೆ, ಜಾಗ ಸಿಕ್ಕಲ್ಲಿ ಗುಂಡಿ ತೋಡಿಸಿದ. ಬಾವಿಯಿಂದ ಹತ್ತು ಹೆಜ್ಜೆ, ಅದೂ ಬರೀ ಹೊಯ್ಗೆ ನೆಲ, ಮರಳಿನಲ್ಲಿ ಏನೂ ತಡೆಯುವುದಿಲ್ಲ. ತೋಡುವ ದಿನ ನಾನೂ ಅಲ್ಲೇ ಇದ್ದೆ, ಆಳುಗಳಿಗೆ ಚಾ ಮಾಡಿ ಕೊಟ್ಟಿದ್ದೆ. ಆ ಬಾವಿಗೆ ಏನಾದರೂ ಆದೀತು ಎಂದು ಒಬ್ಬರ ತಲೆಗೂ ಹೊಳೆಯಲಿಲ್ಲ.

ನನ್ನ ಚೀಲದಲ್ಲಿ ಅದೇ ನೀರಿನ ಬಾಟಲಿ ಇತ್ತು, ಆಗಷ್ಟೇ ಕುಡಿದಿದ್ದೆ. ಚರಂಡಿಯ ಬದಿಗೆ ಓಡಿಹೋಗಿ ಉಗಿದೆ, ಮತ್ತೆ ಉಗಿದೆ. ಎರಡು ವರ್ಷದ ಕೇಕುಗಳೆಲ್ಲ ನೆನಪಾದವು. ಒಂದು ವರ್ಷ ತುಂಬಿದ ಮಗುವಿನ ಬಾಯಿಗೆ ತಾಯಿ ಮೊದಲ ತುಂಡು ಇಟ್ಟ ಫೋಟೋವನ್ನು ನನಗೆ ಕಳಿಸಿದವರಿದ್ದರು. ವಾಸನೆ ಎಂದವಳನ್ನು, ಸ್ಕೇಲು ನೆಕ್ಕಿದವನನ್ನು ಬೇಸಗೆಯಿಡೀ ಬೈದಿದ್ದೆ. ನನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಊರವರ ತಟ್ಟೆಯ ನೊಣ ಎಣಿಸುತ್ತಿದ್ದೆ.

ಜೆರಾಕ್ಸ್ ಅಂಗಡಿಯವನು ಕುಡಿಯಲು ಸೋಡಾ ತಂದುಕೊಟ್ಟ. "ಇದನ್ನು ಹರಿದು ಬಿಸಾಡಿ ಅಕ್ಕ. ಬೇರೆ ನೀರು ಕೊಡುವ," ಎಂದ.

ಮರುದಿನ ನಮ್ಮ ಬೋರ್‌ವೆಲ್ ನಲ್ಲಿಯ ನೀರನ್ನೇ ಕೊಟ್ಟೆ. ಅದು ಪಾಸಾಯಿತು, ಕಬ್ಬಿಣದ ಅಂಶ ಸ್ವಲ್ಪ ಜಾಸ್ತಿ ಎಂದಷ್ಟೇ ಬರೆದಿದ್ದರು. ಕೇಕಿಗೆ ಅದನ್ನೇ ಕುದಿಸಿ ಬಳಸಲು ಶುರುಮಾಡಿದೆ. ತಮ್ಮನಿಗೆ ಮಾತ್ರ ಫೋನು ಮಾಡಿದೆ. "ಅಮ್ಮನಿಗೆ ಹೇಳ್ಬೇಡ ಅಕ್ಕ," ಎಂದ. "ಓಣಿಯವರೆಲ್ಲ ಅದೇ ನೀರು ಕುಡಿಯುದು. ಗೊತ್ತಾದ್ರೆ ನಾವು ತಲೆ ಎತ್ತಿ ನಡೆಯುವ ಹಾಗುಂಟಾ? ನಾನು ಬ್ಲೀಚಿಂಗ್ ಹಾಕಿಸ್ತೇನೆ." ಥೂ ಎನ್ನಬೇಕಿತ್ತು. ಹೂಂ ಎಂದೆ. ನನಗೂ ಆಗ ಬೇಕಾಗಿದ್ದದ್ದು ಸುಮ್ಮನಿರಲು ಒಂದು ನೆಪ.

ಪರವಾನಗಿ ಬಂತು. ನನ್ನ ಅಡುಗೆಕೋಣೆಯನ್ನು ನೋಡಲು ಒಂದು ನರಪಿಳ್ಳೆಯೂ ಬರಲಿಲ್ಲ. ಯಾರಾದರೂ ಬಂದಾರು ಎಂದು ಮೂರು ವಾರ ದಿನವೂ ಕಪಾಟು ಒರೆಸಿದ್ದೇ ಬಂತು. ಕಾಲೇಜು ಶುರುವಾಗುವ ಹೊತ್ತಿಗೆ ಡಬ್ಬದ ಮೇಲೆ ನಂಬರು ಬಿದ್ದು, ಕೇಕು ಮಣಿಪಾಲದ ಕಾಫಿ ಅಂಗಡಿ ಸೇರಿತು.

ಆ ಭಾನುವಾರ ಕಾಗದವನ್ನು ಅಮ್ಮನಿಗೆ ತೋರಿಸಲು ಹೋದೆ. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಹೆಸರಿನ ಮೇಲೆ ಬೆರಳಾಡಿಸಿ, "ನಮ್ಮ ನೀರಿಂದ ಸಿಕ್ಕಿತಲ್ಲ" ಎಂದಳು. ಅಷ್ಟರಲ್ಲಿ ಪಕ್ಕದ ಮನೆಯ ಸೊಸೆ ಕೊಡಪಾನ ಹಿಡಿದು ಬಾವಿಕಟ್ಟೆಗೆ ಬಂದಳು, ಬಸುರಿ ಹೆಂಗಸು. ನನಗೆ ತಡೆಯಲಾಗಲಿಲ್ಲ. ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ, ರಿಪೋರ್ಟಿನ ಮಾತು, ಗುಂಡಿಯ ಮಾತು, ತಮ್ಮ ಹೇಳಿದ ಮಾತು.

ಅಮ್ಮ ಎದ್ದು ಹೋಗಿ ಆ ಹುಡುಗಿಯ ಕೈಯಿಂದ ಹಗ್ಗ ತೆಗೆದುಕೊಂಡಳು. "ಈ ನೀರು ಹಾಳಾಗಿದೆ ಮಗಾ. ನನ್ನ ಮಗನ ಪಾಯಖಾನೆ ಗುಂಡಿಯಿಂದ. ಇನ್ನು ಕುಡಿಯಬೇಡ" ಎಂದಳು. ಆಮೇಲೆ ಚಪ್ಪಲಿ ಹಾಕಿಕೊಂಡು ಓಣಿಗಿಳಿದಳು. ಹಿಂದೆ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹಾಗೆಯೇ ಒಂದೊಂದು ಮನೆಯ ಎದುರೂ ನಿಂತು ಅದೇ ಮಾತು ಹೇಳಿದಳು. ಒಂದು ಮನೆಯವರು ಗಟ್ಟಿಯಾಗಿ ಬೈದದ್ದು ನನಗೆ ಜಗಲಿಗೇ ಕೇಳಿಸಿತು. ಅಮ್ಮ ಪೂರ್ತಿ ಕೇಳಿಸಿಕೊಂಡೇ ಮುಂದಿನ ಮನೆಗೆ ಹೋದಳು.

ತಿರುಗಿ ಬರುವಾಗ ಅವಳ ಮುಖ ಬಾಡಿತ್ತು. ನನ್ನ ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಕಾಲು ಒತ್ತಿಕೊಂಡಳು.

"ನೀನು ಕೇಕಿಗೆ ಹಾಕುತ್ತಿದ್ದದ್ದು ಈ ನೀರೇ ಅಲ್ವಾ?" ಎಂದಳು.

"ಹೌದು."

"ತಿಂದವರಿಗೆ ಹೇಳಿದ್ಯಾ?"

ನಾನು ಪರವಾನಗಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಎರಡು ವರ್ಷದ ಗಿರಾಕಿಗಳ ನಂಬರುಗಳೆಲ್ಲ ನನ್ನ ಫೋನಿನಲ್ಲೇ ಇದ್ದವು, ಈಗಲೂ ಇವೆ. ಇವತ್ತಿನವರೆಗೆ ಒಬ್ಬರಿಗೂ ಹೇಳಿಲ್ಲ.