ಸಾಮು ಮಾಡಿ ಬಂದವನ ಹಸಿವು

ಒಂದು ತಂಬಿಗೆ ನೀರುಮಜ್ಜಿಗೆ, ಪಕ್ಕದ ತಟ್ಟೆಯಲ್ಲಿ ಹೆಚ್ಚಿದ ಸೌತೆಕಾಯಿ: ಬೆಳಗಿನ ಜಾವದಿಂದ ದಂಡ, ಬಸ್ಕಿ ಹೊಡೆದು, ಗದೆ ತಿರುವಿ, ಗರಡಿಯಿಂದ ಉರಿಯುವ ಹೊಟ್ಟೆ ಹೊತ್ತುಕೊಂಡು ಬರುವ ಹರೆಯದವನಿಗೆ ಇಷ್ಟನ್ನು ಬಡಿಸಿ ‘ಸಾವಕಾಶ ಉಣ್ಣಪ್ಪ’ ಎನ್ನುವ ಮನೆ ಚಿತ್ರದುರ್ಗದ ಪೇಟೆಯಲ್ಲಿ ನಮ್ಮದೊಂದೇ ಇದ್ದಿರಬೇಕು. ಸಾವಕಾಶ ಉಣ್ಣುವುದಕ್ಕೆ ಅದರಲ್ಲಿ ಏನಿತ್ತು ಹೇಳಿ! ತಂಬಿಗೆ ಎತ್ತಿದರೆ ಮುಗಿಯಿತು.

ಈ ಏರ್ಪಾಡು ನಮ್ಮ ದೊಡ್ಡಪ್ಪನವರದು. ಅವರ ಕಸುಬು ಅರಳೆ ವ್ಯಾಪಾರ. ಆದರೆ ಮನೆಮಂದಿಯ ಮೈಯೊಳಗಿನ ಉಷ್ಣ ಶೀತಗಳ ಉಸ್ತುವಾರಿಯನ್ನು ಯಾರೂ ಒಪ್ಪಿಸದಿದ್ದರೂ ಅವರೇ ವಹಿಸಿಕೊಂಡಿದ್ದರು. ಸಾಮು ಮಾಡಿದವನ ಮೈ ಕಾದಿರುತ್ತದೆ, ಕಾದ ಮೈಗೆ ತಂಪನ್ನೇ ಕೊಡಬೇಕು, ಇಲ್ಲವಾದರೆ ರಕ್ತ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಎಳ್ಳು ಉಷ್ಣ, ಕಡಲೆ ಉಷ್ಣ, ಬೆಲ್ಲ ಉಷ್ಣ, ಹುರುಳಿಯಂತೂ ಬೆಂಕಿಯೇ. ಅದನ್ನು ಬೇಯಿಸಿ ಎತ್ತುಗಳಿಗೆ ಇಡಬೇಕೇ ಹೊರತು ಮನುಷ್ಯರ ತಟ್ಟೆಗಲ್ಲ. ಹೀಗೆ ತೋಳು ತುಂಬಿಸಬಲ್ಲ ಪದಾರ್ಥಗಳೆಲ್ಲ ಒಂದೊಂದಾಗಿ ನನ್ನಿಂದ ದೂರವಾದವು. ಸಾಮು ಹೆಚ್ಚಿದಷ್ಟೂ ನಾನು ಇಳಿಯುತ್ತ ಹೋದೆ. ನಮ್ಮ ಎತ್ತುಗಳು ಮಾತ್ರ ಮಿರಮಿರ ಮಿಂಚುತ್ತಿದ್ದವು.

ಮಾರಿಕಣಿವೆಯಲ್ಲಿ ಕಟ್ಟೆಯ ಕೆಲಸ ನಡೆಯುತ್ತಿದ್ದ ಕಾಲ ಅದು. ಅಲ್ಲಿ ಕಲ್ಲು ಹೊತ್ತು ಹೆಗಲು ಬೆಳೆಸಿದ ಹಿರಿಯೂರ ಕಡೆಯ ಪೈಲ್ವಾನನೊಬ್ಬನೊಂದಿಗೆ ನಾಗರಪಂಚಮಿಯ ಕುಸ್ತಿಗೆ ನನ್ನ ಜೋಡಿ ಗೊತ್ತಾಗಿತ್ತು. ನನಗೆ ಅದು ಮೊದಲನೆಯ ಜೋಡಿ. ಕೈತಪ್ಪಿದರೆ ಇನ್ನು ಗರಡಿಯ ಕೆಮ್ಮಣ್ಣಿನ ಮಟ್ಟಿಗೆ ನೀರು ಚಿಮುಕಿಸಿಕೊಂಡು ಇರಬೇಕಾದ್ದೇ. ಒಂದು ಬೆಳಗ್ಗೆ, ಪಟ್ಟು ಕಲಿಸುವ ನಮ್ಮ ವಸ್ತಾದರು ನನ್ನ ರಟ್ಟೆಯನ್ನು ಎರಡು ಬೆರಳಿನಿಂದ ಹಿಸುಕಿ ನೋಡಿದರು, ಬದನೆಕಾಯಿ ಕೊಳ್ಳುವವರು ನೋಡುವ ಹಾಗೆ. ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು: ಮಾಂಸದ ಎಸರು ಬೀಳದೆ ಈ ತೋಳು ತುಂಬುವುದಿಲ್ಲ, ಬರುವ ಅಮಾವಾಸ್ಯೆಯೊಳಗೆ ತುಂಬದಿದ್ದರೆ ಜೋಡಿ ಬೇರೆಯವನಿಗೆ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಅದೇ ನನಗೆ ಹೆಚ್ಚು ಉರಿಯಿತು.

ಮನೆಗೆ ಬಂದವನೇ ಆ ಉರಿಯಲ್ಲಿ ಅವ್ವನ ಮುಂದೆ ಎಲ್ಲವನ್ನೂ ಒದರಿದೆ. ನಮ್ಮದು ತಲೆತಲಾಂತರದಿಂದ ಲಿಂಗ ಕಟ್ಟಿದ ಮನೆ. ಮಾಂಸವೆಂಬ ಮಾತನ್ನು ಕೂಡ ಅಡುಗೆಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅವ್ವ ಸೌತೆಕಾಯಿ ಹೆಚ್ಚುತ್ತಿದ್ದ ಕೈಯನ್ನು ನಿಲ್ಲಿಸಿ ನನ್ನನ್ನು ನೋಡಿದಳು, ಮತ್ತೆ ಹೆಚ್ಚತೊಡಗಿದಳು.

ಉಂಡದ್ದು ಯಾವ ಗಳಿಗೆಯಲ್ಲಿ ನಾನಾಗುತ್ತದೆ ಎಂಬುದನ್ನು ನೀವು ಎಂದಾದರೂ ಯೋಚಿಸಿದ್ದುಂಟೇ? ತಟ್ಟೆಯಲ್ಲಿದ್ದಾಗ ಅದು ಅನ್ನ, ಬಾಯಿಗಿಟ್ಟಾಗ ತುತ್ತು. ಆಮೇಲೆ ಎಲ್ಲೋ ಒಳಗೆ, ನಮ್ಮನ್ನೊಂದು ಮಾತು ಕೇಳದೆ, ಅದು ರಕ್ತವಾಗಿ ಖಂಡವಾಗಿ, ಒಂದು ದಿನ ತೋಳೇ ಆಗಿ ಎದುರಾಳಿಯ ಕುತ್ತಿಗೆಗೆ ಪಟ್ಟು ಹಾಕುತ್ತದೆ. ಹಾಗಾದರೆ ನನ್ನ ತೋಳಿನೊಳಗೆ ಒಂದು ಕುರಿ ಸೇರಿಕೊಂಡಿತೆಂದರೆ, ಆ ತೋಳು ಚಾಚಿ ನಾನು ಲಿಂಗಕ್ಕೆ ನೀರೆರೆಯುವುದು ಹೇಗೆ? ಬೇಡವಾದ ಬಟ್ಟೆಯನ್ನು ಬಿಚ್ಚಿಡಬಹುದು, ತೋಳನ್ನು ಬಿಚ್ಚಿಡುವುದಕ್ಕಾಗುತ್ತದೆಯೇ? ಈ ಯೋಚನೆಯಲ್ಲೇ ಕೆಲವು ದಿನ ಹೊರಳಾಡಿದೆ. ಅಮಾವಾಸ್ಯೆಗೆ ಮೂರೇ ವಾರ ಉಳಿಯಿತು. ಕೊನೆಗೆ ತೋಳೇ ಗೆದ್ದಿತು.

ಗರಡಿಯಲ್ಲಿ ನನ್ನ ಗೆಳೆಯ ಬೀರ, ಚಂದ್ರವಳ್ಳಿಯ ಕಡೆಯ ಕುರಿಗಾರರ ಹಟ್ಟಿಯವನು. ಅವನ ತೊಡೆಗಳನ್ನು ನೋಡಿದವರಿಗೆ ವಸ್ತಾದರ ಮಾತಿನಲ್ಲಿ ಅನುಮಾನ ಉಳಿಯುತ್ತಿರಲಿಲ್ಲ. ಕುರಿ ಸಾಕುವವರು ದಿನಾ ಕುರಿಯನ್ನೇ ಉಣ್ಣುತ್ತಾರೆಂದು ಪೇಟೆಯವರಾದ ನಾವೆಲ್ಲ ನಂಬಿದ್ದೆವು. ಒಂದು ಬೆಳಗ್ಗೆ, ಗರಡಿಗೆ ಹೊರಡುವಾಗಲೇ, ಈ ಹೊತ್ತು ಬೀರನ ಮನೆಯಲ್ಲಿ ಉಣ್ಣುತ್ತೇನೆಂದು ಅವ್ವನಿಗೆ ಹೇಳಿದೆ. ಅವಳು ‘ಹೂಂ’ ಅಂದಳು, ಅಷ್ಟೆ.

ಸಾಮು ಮುಗಿಸಿ ಹಟ್ಟಿಯ ದಾರಿ ಹಿಡಿದಾಗ ಬೀರ ಅದೇನೇನೋ ಮಾತಾಡುತ್ತಿದ್ದ. ನನಗೆ ಒಂದೂ ಕೇಳಿಸಲಿಲ್ಲ. ಕೈ ಮತ್ತೆ ಮತ್ತೆ ಎದೆಯ ಮೇಲಿನ ಲಿಂಗವಸ್ತ್ರದ ಗಂಟಿಗೆ ಹೋಗುತ್ತಿತ್ತು. ಬೀರನ ತಾಯಿ ಮಾಳವ್ವ ನನ್ನನ್ನು ಕಂಡು ಗಾಬರಿಯಾಗಿ, ನಮ್ಮ ಮನೆಯಲ್ಲಿ ಉಂಡರೆ ನಿಮ್ಮವರು ಸುಮ್ಮನಿರುತ್ತಾರೆಯೇ ಎಂದು ಎರಡೆರಡು ಸಲ ಕೇಳಿದಳು. ಇರುತ್ತಾರೆ, ಬಡಿಸವ್ವ ಎಂದು ಕಂಬಳಿಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡೆ. ತಟ್ಟೆ ಇಟ್ಟ ಸದ್ದಾಯಿತು. ಬಿಸಿ ಎಸರಿನ ಹಬೆ ಮುಖಕ್ಕೆ ಬಡಿಯಿತು.

ಅದು ಗುರುತಿನ ವಾಸನೆ, ನಮ್ಮ ಕೊಟ್ಟಿಗೆಯದು. ಕಣ್ಣು ತೆರೆದರೆ ರಾಗಿಮುದ್ದೆ, ಸುತ್ತ ತುಳುಕುವ ಹುರುಳಿಸಾರು, ಮೇಲೆ ಬೆಂದ ಕಾಳು ಒಂದು ಹಿಡಿ, ಬದಿಗೊಂದು ಬಟ್ಟಲು ಆಡಿನ ಹಾಲು. ಮಾಂಸದ ಎಸರು ಎಲ್ಲಿ ಅವ್ವಾ ಎಂದು ಕೇಳಿದೆ. ಅವಳು ಮೊದಲು ತಬ್ಬಿಬ್ಬಾದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

“ದಿನಾ ಕುರಿ ಕಡ್ಕಂಡು ಉಂಡ್ರೆ ಮೇಸಾಕೆ ಏನ್ ಉಳೀತೈತಪ್ಪ? ಹಬ್ಬಕ್ಕೆ ಒಂದ್ ತುಂಡು, ಅಷ್ಟೇಯ. ಮಿಕ್ಕಿದ್ ದಿನ ನಮ್ ಬೀರಂಗೂ ಇದೇಯ.”

ಅಬ್ಬಾ! ಆ ಹಗುರವನ್ನು ನಾನು ಹೇಗೆ ಹೇಳಲಿ? ಮಟ್ಟಿಯ ಮೇಲೆ ಎದೆಗೆ ಮಂಡಿಯೂರಿ ಕೂತವನು ತಾನಾಗಿಯೇ ಎದ್ದು ಹೋದಂತಾಯಿತು. ಬೇರೆ ಮನೆಯ ಗಡಿಗೆ, ಬೇರೆ ಮನೆಯ ಒಲೆ ಎಂಬ ವಿಚಾರಗಳೂ ಉಂಟಲ್ಲ, ಅವು ಆ ಹೊತ್ತು ನನ್ನ ತಲೆಗೆ ಬರಲೇ ಇಲ್ಲ. ಬಂದಿದ್ದರೂ ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ. ಮುದ್ದೆಯ ಮೇಲೆ ಮುದ್ದೆ ನುಂಗಿದೆ.

ಆಮೇಲಿನದು ಬೇಗ ಹೇಳುವಂಥದು. ಹುರುಳಿ ನಮ್ಮ ಕೊಟ್ಟಿಗೆಯಿಂದ ಅಡುಗೆಮನೆಗೆ ಬಂತು. ಹುರುಳಿಯ ಉಷ್ಣವೂ ಮಜ್ಜಿಗೆಯ ತಂಪೂ ಸೇರಿದರೆ ಸಮವಾಗುತ್ತದೆಂದು ತೀರ್ಪು ಕೊಟ್ಟು ದೊಡ್ಡಪ್ಪನವರು ತಮ್ಮ ಮರ್ಯಾದೆ ಉಳಿಸಿಕೊಂಡರು. ತೋಳಿನ ಸುಕ್ಕು ಬಿಟ್ಟಿತು, ವಸ್ತಾದರು ಜೋಡಿ ಮುರಿಯಲಿಲ್ಲ, ಪಂಚಮಿಯ ಕುಸ್ತಿ ಸಮ ಸಮ ಆಯಿತು. ಆದರೆ ನನಗೆ ಇಂದಿಗೂ ಕಣ್ಣಿಗೆ ಕಟ್ಟುವುದು ಕುಸ್ತಿಯಲ್ಲ. ಆ ದಿನ ಹಟ್ಟಿಯಿಂದ ಮನೆಗೆ ಮರಳಿದ ಹೊತ್ತು.

ಬಿಸಿಲೇರಿತ್ತು. ಪೂಜೆ ಮುಗಿಸದೆ ಹನಿ ನೀರು ಕುಡಿಯದ ಅವ್ವ, ಪೂಜೆಗೂ ಕೂರದೆ, ತಲೆಬಾಗಿಲಲ್ಲಿ ಕೂತಿದ್ದಳು. ನನ್ನ ಬಲಗೈಯನ್ನು ಎಳೆದುಕೊಂಡು ಮೂಗಿನ ಹತ್ತಿರ ಹಿಡಿದು ಮೂಸಿದಳು, ಮತ್ತೊಮ್ಮೆ ಮೂಸಿದಳು. “ಹುರುಳಿ,” ಅಂದಳು. ನಾನು ನಗುತ್ತ, ಹೌದವ್ವ, ಬರೀ ಹುರುಳಿ, ನಿನ್ನ ಮಗ ಕೆಡಲಿಲ್ಲ, ಇನ್ನು ಹೆದರಬೇಡ ಎಂದೆ. ಅವಳು ಕೈ ಬಿಡಲಿಲ್ಲ.

“ನಿನ್ನ ಬಗ್ಗೆ ಅಲ್ಲಪ್ಪ ನಂಗೆ ಹೆದರಿಕೆ,” ಅಂದಳು. “ನೀನು ಅದನ್ನೇ ತಿಂದು ಬಂದಿದ್ರೂ ನಾನು ಒಳಗೆ ಬಾ, ಕೂತ್ಕೋ ಅಂತಿದ್ದೆ. ಹಂಗಂದ ಮೇಲೆ ದೇವರ ಮುಂದೆ ಹೆಂಗೆ ಕೂರಲಿ ಅಂತ ಬೆಳಗಿಂದ ಇಲ್ಲೇ ಕುಂತಿದ್ದೆ.”

ಹಾಗಂದು ಕಣ್ಣೊರೆಸಿಕೊಂಡು, ತನ್ನ ಪೂಜೆಯ ಸ್ನಾನಕ್ಕೆ ನೀರು ತೋಡಲು ಒಳಗೆ ಹೋದಳು.